ಲಯಕ್ಕೊಂದು ಸಾಕ್ಷಿ: ಮೆಟ್ರೊನೋಮ್

ಸಂಗೀತ ಕಲಿಯುವವರಿಗೆ ಶ್ರುತಿ ಮತ್ತು ಲಯಗಳ ಮಹತ್ತ್ವವನ್ನು ಮೊದಲ ಪಾಠದ ದಿನವೇ ಹೇಳಿಕೊಡುತ್ತಾರೆ. ಶ್ರುತಿಯನ್ನು ತಾಯಿಯೆಂದೂ ಲಯವನ್ನು ತಂದೆಯೆಂದೂ ಕರೆಯುವ ವಾಡಿಕೆಯುಂಟು. ಆದರೆ ಅಭ್ಯಾಸಕ್ಕೆ ಕುಳಿತಾಗ ಈ ಇಬ್ಬರಿಗೂ ಸಮಾನವಾದ ಗೌರವ ಸಲ್ಲುವುದಿಲ್ಲ. ಶ್ರುತಿಯನ್ನು ನೆನಪಿಸಲು ತಂಬೂರಿಯಿದೆ, ಶ್ರುತಿಪೆಟ್ಟಿಗೆಯಿದೆ. ಸ್ವರವು ಕೊಂಚ ಜಾರಿದರೂ ಕಿವಿಗೆ ಒಡನೆಯೇ ತಿಳಿಯುತ್ತದೆ. ಲಯಕ್ಕಾದರೋ ನಮ್ಮ ಕೈಯೇ ಆಸರೆ. ತಾಳ ಹಾಕುವ ಕೈ, ಹಾಡುವ ಕಂಠ ಎರಡೂ ಒಬ್ಬನವೇ ಆದುದರಿಂದ ಕಂಠ ಓಡಿದರೆ ಕೈಯೂ ಅದರೊಡನೆ ಓಡುತ್ತದೆ. ಕಂಠ ತಡವರಿಸಿದರೆ ಕೈಯೂ ಕಾಯುತ್ತದೆ. ಎರಡೂ ಹೊಂದಿಕೊಂಡೇ ಸಾಗುವುದರಿಂದ ತಪ್ಪು ನಡೆದಿದೆಯೆಂಬುದು ಹಾಡುವವನ ಅರಿವಿಗೇ ಬರುವುದಿಲ್ಲ. ಸುಲಭವಾದ ಭಾಗದಲ್ಲಿ ವೇಗ ಹೆಚ್ಚುವುದು, ಕಠಿಣವಾದ ಭಾಗದಲ್ಲಿ ತಗ್ಗುವುದು, ಸಭೆಯ ಮುಂದೆ ಕುಳಿತಾಗ ಎಲ್ಲವೂ ಒಂದು ಪಟ್ಟು ಹೆಚ್ಚುವುದು – ಇವು ಕಲಿಯುವವರೆಲ್ಲರಲ್ಲಿಯೂ ಕಾಣುವ ದೋಷಗಳು. ಇಂಥ ಸಂದರ್ಭದಲ್ಲಿ ಬೇಕಾದುದು ಹಾಡುವವನ ಉತ್ಸಾಹಕ್ಕೂ ಅಂಜಿಕೆಗೂ ಸಂಬಂಧಪಡದ ಒಂದು ಸಾಕ್ಷಿ. ಅಂಥ ಸಾಕ್ಷಿಯೇ ಮೆಟ್ರೊನೋಮ್. ಗೋಪುರದ ಆಕಾರದ ಪುಟ್ಟ ಪೆಟ್ಟಿಗೆ, ಅದರ ಮುಂಭಾಗದಲ್ಲಿ ಅತ್ತಿತ್ತ ತೂಗುವ ಒಂದು ಲೋಹದ ಕಡ್ಡಿ, ತೂಗಿದಾಗಲೆಲ್ಲ ‘ಟಿಕ್’ ಎನ್ನುವ ಒಂದು ಸದ್ದು – ಹೊರನೋಟಕ್ಕೆ ಇಷ್ಟೇ. ಆದರೆ ಅದರೊಳಗೆ ಅಡಗಿರುವ ಭೌತವಿಜ್ಞಾನ ಬಹು ಸ್ವಾರಸ್ಯವಾದುದು. ಆ ವಿಜ್ಞಾನವನ್ನು ಅರಿತವನು ಈ ಯಂತ್ರವನ್ನು ಚೆನ್ನಾಗಿ ಆರಿಸಬಲ್ಲನು, ಚೆನ್ನಾಗಿ ಬಳಸಬಲ್ಲನು.

ನಾಡಿಯಿಂದ ಲೋಲಕಕ್ಕೆ

ವೇಗವನ್ನು ನಿಶ್ಚಯಿಸುವ ತೊಡಕು ಎಲ್ಲ ದೇಶಗಳ ಸಂಗೀತಗಾರರಿಗೂ ಸಮಾನವಾದುದು. ಯೂರೋಪಿನಲ್ಲಿ ಕೃತಿಕಾರನು ಸ್ವರಗಳನ್ನು ಕಾಗದದ ಮೇಲೆ ಬರೆದಿಡುವ ಪದ್ಧತಿ ಬೆಳೆದುದರಿಂದ ಅಲ್ಲಿ ಈ ತೊಡಕು ಇನ್ನೂ ತೀವ್ರವಾಯಿತು. ಸ್ವರವನ್ನು ಬರೆಯಬಹುದು, ವೇಗವನ್ನು ಬರೆಯುವುದು ಹೇಗೆ? ‘ಅಡಾಜಿಯೊ’ ಎಂದರೆ ನಿಧಾನ, ‘ಅಲೆಗ್ರೊ’ ಎಂದರೆ ಚುರುಕು ಎಂದು ಇಟಲಿಯ ಭಾಷೆಯ ಮಾತುಗಳನ್ನು ಬಳಸುತ್ತಿದ್ದರು. ಆದರೆ ಒಬ್ಬನ ಚುರುಕು ಇನ್ನೊಬ್ಬನಿಗೆ ನಿಧಾನವೆನಿಸಬಹುದಲ್ಲವೆ? ಜರ್ಮನಿಯ ಕೊಳಲುವಾದಕ ಕ್ವಾಂಟ್ಸ್ ಎಂಬವನು ೧೭೫೨ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಆರೋಗ್ಯವಂತನಾದ ಮನುಷ್ಯನ ನಾಡಿಯನ್ನೇ ಅಳತೆಗೋಲಾಗಿ ಹಿಡಿಯಬೇಕೆಂದು ಸಲಹೆ ಮಾಡಿದನು. ನಿಮಿಷಕ್ಕೆ ಸುಮಾರು ೮೦ ಮಿಡಿತಗಳೆಂಬುದು ಅವನ ಲೆಕ್ಕ. ಆದರೆ ನಾಡಿಯೂ ಹಾಡುವವನ ದೇಹಕ್ಕೇ ಸೇರಿದುದು. ಮೆಟ್ಟಿಲೇರಿದರೆ ಅದು ಓಡುತ್ತದೆ, ಸಭೆಯನ್ನು ಕಂಡರೆ ಇನ್ನೂ ಓಡುತ್ತದೆ. ಪಕ್ಷಪಾತವಿಲ್ಲದ ಸಾಕ್ಷಿಯಾಗುವ ಯೋಗ್ಯತೆ ಅದಕ್ಕಿಲ್ಲ.

ಆ ಯೋಗ್ಯತೆಯುಳ್ಳ ವಸ್ತುವೊಂದು ಅದಕ್ಕೆ ಬಹಳ ಹಿಂದೆಯೇ ದೊರೆತಿತ್ತು. ಪೀಸಾ ನಗರದ ದೇವಾಲಯದಲ್ಲಿ ತೂಗುತ್ತಿದ್ದ ದೀಪವನ್ನು ತರುಣ ಗೆಲಿಲಿಯೊ ತನ್ನ ನಾಡಿಯ ಮಿಡಿತದೊಡನೆ ಹೋಲಿಸಿ ನೋಡಿದನೆಂದು ಅವನ ಶಿಷ್ಯ ವಿವಿಯಾನಿ ಬರೆದಿಟ್ಟಿದ್ದಾನೆ. ಕಥೆಯ ಮಾತು ಹೇಗೇ ಇರಲಿ, ೧೬೦೨ರ ಹೊತ್ತಿಗೆ ಗೆಲಿಲಿಯೊ ಲೋಲಕದ ಗುಣವನ್ನು ಕುರಿತು ಆಳವಾಗಿ ಚಿಂತಿಸಿದ್ದನೆಂಬುದಕ್ಕೆ ಅವನ ಪತ್ರವೇ ಆಧಾರ. ತೂಗಿನ ಅಗಲ ಕಡಿಮೆಯಾದರೂ ಲೋಲಕವು ಒಂದು ಆಂದೋಲನಕ್ಕೆ ತೆಗೆದುಕೊಳ್ಳುವ ಕಾಲವು ಬದಲಾಗುವುದಿಲ್ಲ ಎಂಬುದೇ ಆ ಗುಣ. ಅವನ ಕಾಲದವನೇ ಆದ ಸಾಂಟೋರಿಯೊ ಎಂಬ ವೈದ್ಯನು ಲೋಲಕವನ್ನು ಉಪಯೋಗಿಸಿ ರೋಗಿಗಳ ನಾಡಿಯನ್ನು ಅಳೆಯತೊಡಗಿದನು. ನಾಡಿಯಿಂದ ಲೋಲಕವನ್ನು ಅಳೆದವರು ಅನಂತರ ಲೋಲಕದಿಂದ ನಾಡಿಯನ್ನು ಅಳೆಯುವಂತಾಯಿತು!

ಲೋಲಕವನ್ನು ಸಂಗೀತದ ಸೇವೆಗೆ ಕರೆತಂದವನು ಫ್ರಾನ್ಸಿನ ಲೂಲಿಯೆ. ಅವನು ೧೬೯೬ರಲ್ಲಿ ಪ್ರಕಟಿಸಿದ ಸಂಗೀತಗ್ರಂಥದಲ್ಲಿ ಒಂದು ‘ಕಾಲಮಾಪಕ’ವನ್ನು ವರ್ಣಿಸಿದ್ದಾನೆ. ಆರು ಅಡಿ ಎತ್ತರದ ಹಲಗೆ, ಅದರ ಉದ್ದಕ್ಕೂ ಗುರುತುಗಳು, ದಾರದ ತುದಿಯಲ್ಲಿ ಸೀಸದ ಗುಂಡು. ದಾರವನ್ನು ಉದ್ದ ಮಾಡಿದರೆ ವೇಗ ತಗ್ಗುತ್ತದೆ, ಮೋಟು ಮಾಡಿದರೆ ಹೆಚ್ಚುತ್ತದೆ. ಉಪಕರಣವೇನೋ ಸರಿಯಾದುದೇ. ಆದರೆ ಅದು ಸದ್ದು ಮಾಡುತ್ತಿರಲಿಲ್ಲ, ಬಹು ಬೇಗ ನಿಂತುಬಿಡುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅದರ ಗಾತ್ರ ದೊಡ್ಡದು. ಲೋಲಕದ ಆಂದೋಲನಕಾಲವು ಅದರ ಉದ್ದದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಓದಿರುತ್ತಾರೆ. ಅತ್ತ ಒಂದು ಪೆಟ್ಟು, ಇತ್ತ ಒಂದು ಪೆಟ್ಟು ಎಂದು ಒಂದು ಪೂರ್ಣ ಆಂದೋಲನಕ್ಕೆ ಎರಡು ಪೆಟ್ಟುಗಳನ್ನು ಎಣಿಸಿದರೆ, ನಿಮಿಷಕ್ಕೆ ೬೦ ಪೆಟ್ಟು ಬೇಕಾದಾಗ ಲೋಲಕದ ಉದ್ದ ಸುಮಾರು ೯೯ ಸೆಂಟಿಮೀಟರ್ ಇರಬೇಕು. ನಿಮಿಷಕ್ಕೆ ೪೦ ಪೆಟ್ಟು ಸಾಕೆಂದರೆ ಸುಮಾರು ೨೨೩ ಸೆಂಟಿಮೀಟರ್ ಬೇಕು! ಆಳೆತ್ತರವನ್ನು ಮೀರಿದ ಇಂಥ ಸಾಧನವನ್ನು ವಾದ್ಯದ ಪಕ್ಕದಲ್ಲಿ ಇಟ್ಟುಕೊಳ್ಳುವುದೆಂತು?

ವಿಂಕೆಲನ ಉಪಾಯ

ಈ ಸಮಸ್ಯೆಯನ್ನು ಬಿಡಿಸಿದವನು ಆಮ್‌ಸ್ಟರ್‌ಡಾಮ್ ನಗರದಲ್ಲಿ ನೆಲೆಸಿದ್ದ ಡೀಟ್ರಿಕ್ ವಿಂಕೆಲ್. ೧೮೧೪ರಲ್ಲಿ ಅವನು ಕಂಡುಕೊಂಡ ಉಪಾಯ ಬಲು ಸರಳವಾದುದು: ಗುಂಡನ್ನು ಕೀಲಿನ ಕೆಳಗೆ ಮಾತ್ರವಲ್ಲ, ಮೇಲೆಯೂ ಇಡುವುದು.

ಇದರಿಂದ ಏನಾಗುತ್ತದೆ ಎಂಬುದನ್ನು ತಿಳಿಯಲು ಅಂಗಡಿಯ ತಕ್ಕಡಿಯನ್ನು ನೆನಪಿಗೆ ತಂದುಕೊಳ್ಳಿ. ಒಂದು ತಟ್ಟೆ ಭಾರವಾಗಿದ್ದರೆ ತಕ್ಕಡಿಯ ದಂಡ ಥಟ್ಟನೆ ವಾಲುತ್ತದೆ. ಎರಡೂ ತಟ್ಟೆಗಳ ತೂಕ ಹೆಚ್ಚುಕಡಿಮೆ ಸಮವಾದಾಗ ದಂಡವು ಏನೋ ಯೋಚಿಸುತ್ತಿರುವಂತೆ ನಿಧಾನವಾಗಿ ತೂಗಾಡುತ್ತದೆ. ಚಲಿಸಬೇಕಾದ ದ್ರವ್ಯ ಬಹಳ. ಅದನ್ನು ಎಳೆಯುವ ಬಲ ಅತ್ಯಲ್ಪ. ಮೆಟ್ರೊನೋಮಿನ ಕಡ್ಡಿಯಲ್ಲಿಯೂ ಹೀಗೆಯೇ. ಕೀಲಿನ ಕೆಳಗಿರುವ ಗುಂಡು ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಲು ಯತ್ನಿಸುತ್ತದೆ. ಮೇಲಿರುವ ಗುಂಡು ಅದನ್ನು ಬೀಳಿಸಲು ಯತ್ನಿಸುತ್ತದೆ. ಮೇಲಿನ ಗುಂಡನ್ನು ಏರಿಸಿದಂತೆಲ್ಲ ಹಿಂದಕ್ಕೆಳೆಯುವ ಬಲ ಕ್ಷೀಣವಾಗುತ್ತದೆ, ಅದೇ ಕಾಲಕ್ಕೆ ಜಡತ್ವ ಹೆಚ್ಚುತ್ತದೆ. ಎರಡೂ ಸೇರಿ ಕಡ್ಡಿಯ ಓಲಾಟವನ್ನು ನಿಧಾನಗೊಳಿಸುತ್ತವೆ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಕೆಳಗಿನ ಗುಂಡು ೪೦ ಗ್ರಾಂ, ಕೀಲಿನಿಂದ ೪ ಸೆಂಟಿಮೀಟರ್ ದೂರದಲ್ಲಿ ಸ್ಥಿರವಾಗಿದೆ. ಮೇಲಿನ ಜಾರುಗುಂಡು ೧೦ ಗ್ರಾಂ ಎಂದಿಟ್ಟುಕೊಳ್ಳಿ. ಕಡ್ಡಿಯ ತೂಕವನ್ನು ಬಿಟ್ಟುಬಿಡೋಣ. ಜಾರುಗುಂಡು ಕೀಲಿನಿಂದ ೪ ಸೆಂಟಿಮೀಟರ್ ಮೇಲಿದ್ದಾಗ ನಿಮಿಷಕ್ಕೆ ಸುಮಾರು ೨೩೨ ಪೆಟ್ಟುಗಳಾಗುತ್ತವೆ. ೧೦ ಸೆಂಟಿಮೀಟರ್ ಮೇಲಕ್ಕೆ ಏರಿಸಿದರೆ ೧೧೪ ಪೆಟ್ಟುಗಳು, ೧೪ ಸೆಂಟಿಮೀಟರಿನಲ್ಲಿ ೫೨, ೧೪.೫ ಸೆಂಟಿಮೀಟರಿನಲ್ಲಿ ೪೪. ಆಳೆತ್ತರದ ಲೋಲಕವು ಮಾಡಬೇಕಾದ ಕೆಲಸವನ್ನು ಗೇಣುದ್ದದ ಕಡ್ಡಿ ಮಾಡಿಬಿಡುತ್ತದೆ! ೧೬ ಸೆಂಟಿಮೀಟರಿಗೆ ಏರಿಸಿದರೆ ಎರಡು ಗುಂಡುಗಳೂ ಸರಿತೂಗಿ ತೂಗಾಟವೇ ನಿಂತುಹೋಗುತ್ತದೆ. ಅದಕ್ಕೂ ಮೇಲಕ್ಕೆ ಹೋದರೆ ಕಡ್ಡಿ ಮಗುಚಿಬೀಳುತ್ತದೆ.

ಈ ಅಂಕಿಗಳಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಕಡ್ಡಿಯ ಕೆಳಭಾಗದಲ್ಲಿ ಗುಂಡನ್ನು ಅರ್ಧ ಸೆಂಟಿಮೀಟರ್ ಸರಿಸಿದರೆ ವೇಗದಲ್ಲಿ ಶೇಕಡ ೫ರಷ್ಟು ವ್ಯತ್ಯಾಸವಾಗುತ್ತದೆ. ಮೇಲ್ಭಾಗದಲ್ಲಿ ಅಷ್ಟೇ ಸರಿಸಿದರೆ ಶೇಕಡ ೧೫ಕ್ಕೂ ಹೆಚ್ಚು. ಆದುದರಿಂದ ನಿಧಾನವಾದ ವೇಗಗಳನ್ನು ಹೊಂದಿಸುವಾಗ ಹೆಚ್ಚಿನ ಎಚ್ಚರ ಬೇಕು.

ವಾಚಕರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಮರದ ಅಡಿಪಟ್ಟಿಯೊಂದರ ನಟ್ಟನಡುವೆ ರಂಧ್ರ ಕೊರೆದು ಗೋಡೆಯ ನಯವಾದ ಮೊಳೆಗೆ ಸಡಿಲವಾಗಿ ತೂಗಹಾಕಿ. ಕೆಳತುದಿಗೆ ಜೇಡಿಮಣ್ಣಿನ ಉಂಡೆಯೊಂದನ್ನು ಮೆತ್ತಿ, ಅದರ ಮುಕ್ಕಾಲು ಪಾಲಿನಷ್ಟು ಮಣ್ಣನ್ನು ಮೇಲ್ಭಾಗದಲ್ಲಿ ಬೇರೆಬೇರೆ ಎತ್ತರಗಳಲ್ಲಿ ಮೆತ್ತುತ್ತ, ಪ್ರತಿಸಲವೂ ಹತ್ತು ಆಂದೋಲನಗಳ ಕಾಲವನ್ನು ಗಡಿಯಾರದಿಂದ ಅಳೆಯಿರಿ. ವಿಂಕೆಲನ ಸಂತೋಷದಲ್ಲಿ ನಿಮಗೂ ಒಂದು ಪಾಲು ದೊರೆಯುವುದು.

ಹೆಸರು ಪಡೆದವನು

ಇಷ್ಟಾದರೂ ಕೀರ್ತಿ ವಿಂಕೆಲನಿಗೆ ಸಲ್ಲಲಿಲ್ಲ. ಯೋಹಾನ್ ಮೆಲ್ಟ್ಸೆಲ್ (೧೭೭೨–೧೮೩೮) ಎಂಬವನು ಯಾಂತ್ರಿಕ ವಾದ್ಯಗಳ ಪ್ರದರ್ಶನದಿಂದ ಹೆಸರಾಗಿದ್ದನು. ಕಿವಿ ಮಂದವಾಗುತ್ತಿದ್ದ ಬೀಥೋವೆನನಿಗೆ ಶ್ರವಣನಳಿಗೆಗಳನ್ನು ಮಾಡಿಕೊಟ್ಟವನೂ ಅವನೇ. ಅವನು ಆಮ್‌ಸ್ಟರ್‌ಡಾಮಿನಲ್ಲಿ ವಿಂಕೆಲನ ಸಾಧನವನ್ನು ನೋಡಿ, ಅದಕ್ಕೆ ಅಂಕಗಳ ಪಟ್ಟಿಯೊಂದನ್ನು ಸೇರಿಸಿ, ೧೮೧೫ರಲ್ಲಿ ಪ್ಯಾರಿಸಿನಲ್ಲಿ ತನ್ನ ಹೆಸರಿಗೇ ಪೇಟೆಂಟ್ ಪಡೆದನು. ಮರುವರ್ಷ ತಯಾರಿಕೆಯನ್ನೂ ಪ್ರಾರಂಭಿಸಿದನು. ವಿಂಕೆಲ್ ಆಕ್ಷೇಪವೆತ್ತಿದಾಗ ಹಾಲೆಂಡಿನ ವಿದ್ವತ್ಸಂಸ್ಥೆಯು ವಿಚಾರಿಸಿ, ಮೂಲತತ್ತ್ವ ವಿಂಕೆಲನದೇ ಎಂದು ತೀರ್ಪಿತ್ತಿತು. ಆದರೆ ಅಷ್ಟರಲ್ಲಿ ಯಂತ್ರವು ಮೆಲ್ಟ್ಸೆಲನ ಹೆಸರಿನಲ್ಲಿ ಯೂರೋಪನ್ನೆಲ್ಲ ಸುತ್ತಿತ್ತು. ಪಾಶ್ಚಾತ್ಯ ಸಂಗೀತದ ಹಾಳೆಗಳಲ್ಲಿ ವೇಗವನ್ನು ಸೂಚಿಸುವ ಅಂಕದ ಹಿಂದೆ ‘ಎಂ. ಎಂ.’ ಎಂದು ಕಂಡುಬಂದರೆ ಅದರ ಅರ್ಥ ‘ಮೆಲ್ಟ್ಸೆಲನ ಮೆಟ್ರೊನೋಮ್’ ಎಂದು. ಆದರೂ ಅಂಕಗಳ ಪಟ್ಟಿಯನ್ನು ಸೇರಿಸಿದುದು ಸಣ್ಣ ಕೆಲಸವೆಂದು ತಳ್ಳಿಹಾಕುವಂತಿಲ್ಲ. ಒಂದು ಊರಿನಲ್ಲಿ ಬರೆದ ಅಂಕವನ್ನು ಇನ್ನೊಂದು ಊರಿನವನು ಓದಿ ಅದೇ ವೇಗವನ್ನು ಪಡೆಯುವಂತಾದುದು ಅದರಿಂದಲೇ. ಬೀಥೋವೆನ್ ೧೮೧೭ರಲ್ಲಿ ತನ್ನ ಮೊದಲ ಎಂಟು ಸಿಂಫೊನಿಗಳಿಗೂ ಮೆಟ್ರೊನೋಮಿನ ಅಂಕಗಳನ್ನು ಪ್ರಕಟಿಸಿದನು.

ಪೆಟ್ಟಿಗೆಯ ಒಳಗೆ

ಗಾಳಿಯ ತಡೆ, ಕೀಲಿನ ಘರ್ಷಣೆಗಳಿಂದಾಗಿ ಯಾವ ಲೋಲಕವೂ ತಾನಾಗಿ ಬಹಳ ಹೊತ್ತು ತೂಗಲಾರದು. ಕಳೆದುಹೋದ ಶಕ್ತಿಯನ್ನು ತುಂಬಿಕೊಡುವುದಕ್ಕೆ ಪೆಟ್ಟಿಗೆಯೊಳಗೆ ಒಂದು ಸುರುಳಿ ಸ್ಪ್ರಿಂಗು ಇದೆ. ಕೀಲಿ ಕೊಟ್ಟಾಗ ಸ್ಪ್ರಿಂಗು ಬಿಗಿಯಾಗುತ್ತದೆ. ಬಿಚ್ಚಿಕೊಳ್ಳುವಾಗ ಅದು ಹಲ್ಲುಚಕ್ರಗಳ ಸರಣಿಯೊಂದನ್ನು ತಿರುಗಿಸುತ್ತದೆ. ಕೊನೆಯ ಚಕ್ರದ ಹಲ್ಲುಗಳನ್ನು ಕಡ್ಡಿಯ ಅಚ್ಚಿಗೆ ಹೊಂದಿಸಿದ ಎರಡು ಪುಟ್ಟ ನಾಲಿಗೆಗಳು ತಡೆಹಿಡಿಯುತ್ತವೆ. ಕಡ್ಡಿ ಒಂದು ಕಡೆಗೆ ತೂಗಿದಾಗ ಒಂದು ನಾಲಿಗೆ ಸರಿದು ಚಕ್ರವನ್ನು ಕೊಂಚ ಮುಂದಕ್ಕೆ ಬಿಡುತ್ತದೆ. ಹಾಗೆ ಸಾಗುವಾಗ ಹಲ್ಲು ನಾಲಿಗೆಯನ್ನು ಮೆಲ್ಲನೆ ನೂಕಿ ಕಡ್ಡಿಗೆ ಹೊಸ ಶಕ್ತಿಯನ್ನು ಕೊಡುತ್ತದೆ. ಒಡನೆಯೇ ಇನ್ನೊಂದು ನಾಲಿಗೆ ಚಕ್ರವನ್ನು ತಡೆಯುತ್ತದೆ. ಈ ತಡೆಯ ಸದ್ದೇ ನಮಗೆ ಕೇಳಿಸುವ ‘ಟಿಕ್’. ಗೋಡೆ ಗಡಿಯಾರದಲ್ಲಿರುವ ಏರ್ಪಾಡೂ ಇದೇ ಜಾತಿಯದು. ಅಲ್ಲಿ ಸದ್ದು ಬೇಡವಾದ ವಸ್ತು. ಇಲ್ಲಿ ಅದೇ ಮುಖ್ಯವಾದುದು.

ಪ್ರತಿ ಪೆಟ್ಟಿಗೂ ಚಕ್ರವು ಸಾಗುವುದು ಇಂತಿಷ್ಟೇ ಎಂದು ನಿಯತವಾಗಿರುವುದರಿಂದ, ಒಮ್ಮೆ ಪೂರ್ತಿ ಕೀಲಿ ಕೊಟ್ಟರೆ ದೊರೆಯುವುದು ಇಂತಿಷ್ಟು ನಿಮಿಷಗಳಲ್ಲ, ಇಂತಿಷ್ಟು ಪೆಟ್ಟುಗಳು. ೨೦೮ರ ವೇಗದಲ್ಲಿ ಬೇಗನೆ ಮುಗಿದುಹೋಗುವ ಕೀಲಿ ೪೦ರ ವೇಗದಲ್ಲಿ ಸುಮಾರು ಐದು ಪಟ್ಟು ಹೆಚ್ಚು ಕಾಲ ಬಾಳಬೇಕು. ಆದುದರಿಂದ ಚುರುಕಾದ ವೇಗದಲ್ಲಿ ಯಂತ್ರ ಬೇಗ ನಿಂತರೆ ಅದನ್ನು ದೋಷವೆಂದು ಭಾವಿಸಬೇಕಾಗಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಹೇಳಬೇಕು. ತೂಗಿನ ಅಗಲಕ್ಕೂ ಕಾಲಕ್ಕೂ ಸಂಬಂಧವಿಲ್ಲವೆಂದು ಗೆಲಿಲಿಯೊ ಭಾವಿಸಿದುದು ಸಣ್ಣ ತೂಗುಗಳಿಗೆ ಮಾತ್ರ ಸರಿ. ನಡುವಿನಿಂದ ಒಂದೊಂದು ಕಡೆಗೂ ೩೦ ಡಿಗ್ರಿಯಷ್ಟು ತೂಗುವ ಲೋಲಕವು ಸಣ್ಣಗೆ ತೂಗುವ ಲೋಲಕಕ್ಕಿಂತ ಶೇಕಡ ೧.೭ರಷ್ಟು ಹೆಚ್ಚು ಕಾಲವನ್ನು ತೆಗೆದುಕೊಳ್ಳುತ್ತದೆ. ಮೆಟ್ರೊನೋಮಿನ ಕಡ್ಡಿ ಅಗಲವಾಗಿಯೇ ತೂಗುವುದರಿಂದ, ಸ್ಪ್ರಿಂಗು ಸಡಿಲವಾಗಿ ತೂಗು ಕುಗ್ಗಿದಾಗ ವೇಗದಲ್ಲಿ ಅಲ್ಪ ವ್ಯತ್ಯಾಸವಾಗಬಹುದು. ಕೀಲಿ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯದೆ ನಡುನಡುವೆ ಕೀಲಿ ಕೊಡುವುದು ಒಳ್ಳೆಯದು.

ಅಂಕಗಳ ಏಣಿ

ಮುಂಭಾಗದ ಪಟ್ಟಿಯಲ್ಲಿರುವ ಅಂಕಗಳನ್ನು ನೋಡಿದವರಿಗೆ ಒಂದು ಸಂದೇಹ ಬರಬಹುದು. ೪೦ರಿಂದ ೬೦ರವರೆಗೆ ಎರಡೆರಡಾಗಿ, ೬೦ರಿಂದ ೭೨ರವರೆಗೆ ಮೂರುಮೂರಾಗಿ, ೧೨೦ರವರೆಗೆ ನಾಲ್ಕುನಾಲ್ಕಾಗಿ, ೧೪೪ರವರೆಗೆ ಆರಾರಾಗಿ, ೨೦೮ರವರೆಗೆ ಎಂಟೆಂಟಾಗಿ ಅಂಕಗಳು ಏರುತ್ತವೆ. ಒಟ್ಟು ೩೯ ಅಂಕಗಳು. ಒಂದೇ ಸಮನಾಗಿ ಏರದೆ ಹೀಗೇಕೆ? ಪ್ರತಿಯೊಂದು ಮೆಟ್ಟಿಲನ್ನೂ ಶೇಕಡ ಲೆಕ್ಕದಲ್ಲಿ ನೋಡಿದರೆ ಉತ್ತರ ದೊರೆಯುತ್ತದೆ. ೪೦ರಿಂದ ೪೨ಕ್ಕೆ ಶೇಕಡ ೫. ೬೦ರಿಂದ ೬೩ಕ್ಕೆ ಶೇಕಡ ೫. ೧೨೦ರಿಂದ ೧೨೬ಕ್ಕೂ ಶೇಕಡ ೫. ಎಲ್ಲ ಮೆಟ್ಟಿಲುಗಳೂ ಶೇಕಡ ೩ರಿಂದ ೬ರೊಳಗೆ ಅಡಗುತ್ತವೆ. ನಮ್ಮ ಇಂದ್ರಿಯಗಳು ಗುರುತಿಸುವುದು ವ್ಯತ್ಯಾಸವನ್ನಲ್ಲ, ಅನುಪಾತವನ್ನು. ನಿಮಿಷಕ್ಕೆ ಎರಡು ಪೆಟ್ಟು ಹೆಚ್ಚಿದರೆ ೪೦ರಲ್ಲಿ ಕಿವಿಗೆ ತಿಳಿಯುತ್ತದೆ, ೨೦೦ರಲ್ಲಿ ತಿಳಿಯುವುದಿಲ್ಲ. ೬೦ರಿಂದ ಅದರ ಇಮ್ಮಡಿಯಾದ ೧೨೦ಕ್ಕೆ ಏರಲು ಹದಿನಾರು ಮೆಟ್ಟಿಲುಗಳಿವೆ. ಈ ಏಣಿಯನ್ನು ಅಭ್ಯಾಸದಲ್ಲಿ ಹೇಗೆ ಉಪಯೋಗಿಸಬೇಕೆಂಬುದನ್ನು ಮುಂದೆ ನೋಡೋಣ.

ಆರಿಸುವಾಗ

ಈಗ ಕೈಫೋನುಗಳಲ್ಲಿಯೂ ಪುಟ್ಟ ವಿದ್ಯುನ್ಮಾನ ಯಂತ್ರಗಳಲ್ಲಿಯೂ ಮೆಟ್ರೊನೋಮ್ ದೊರೆಯುತ್ತದೆ. ಸ್ಫಟಿಕದ ಕಂಪನವನ್ನು ಆಧರಿಸಿದ ಅವುಗಳ ನಿಖರತೆ ಸ್ಪ್ರಿಂಗಿನ ಯಂತ್ರಕ್ಕಿಂತ ಬಹು ಹೆಚ್ಚು. ಹಾಗಿದ್ದರೂ ಜರ್ಮನಿಯ ವಿಟ್ನರ್ ಮೊದಲಾದ ಸಂಸ್ಥೆಗಳ ಯಾಂತ್ರಿಕ ಮೆಟ್ರೊನೋಮುಗಳಿಗೆ ಬೇಡಿಕೆಯಿದೆ. ಇದಕ್ಕೆ ಹಳೆಯದರ ಮೇಲಿನ ಮೋಹ ಮಾತ್ರ ಕಾರಣವಲ್ಲ. ವಿದ್ಯುನ್ಮಾನ ಯಂತ್ರದ ಸದ್ದು ಇದ್ದಕ್ಕಿದ್ದಂತೆ ಬರುತ್ತದೆ. ತೂಗುವ ಕಡ್ಡಿಯಾದರೋ ಪೆಟ್ಟು ಬರುವ ಮೊದಲೇ ಅದರ ಬರವನ್ನು ಕಣ್ಣಿಗೆ ತೋರಿಸುತ್ತದೆ; ಎರಡು ಪೆಟ್ಟುಗಳ ನಡುವಣ ಕಾಲವನ್ನೂ ಕಾಣುವಂತೆ ಮಾಡುತ್ತದೆ. ಲಯವಿರುವುದು ಪೆಟ್ಟಿನಲ್ಲಲ್ಲ, ಈ ನಡುವಣ ಕಾಲದಲ್ಲಿ.

ಕೊಳ್ಳುವಾಗ, ಅದರಲ್ಲಿಯೂ ಹಳೆಯ ಯಂತ್ರವನ್ನು ಕೊಳ್ಳುವಾಗ, ಹೊರಪೆಟ್ಟಿಗೆಯ ಅಂದಕ್ಕೆ ಮರುಳಾಗಬಾರದು. ಮರದ ಪೆಟ್ಟಿಗೆಯ ದನಿ ತುಂಬಿದ್ದರೆ ಪ್ಲಾಸ್ಟಿಕ್ಕಿನದು ಹಗುರ, ಅಗ್ಗ. ಒಳಗಿನ ಯಂತ್ರ ಚೆನ್ನಾಗಿದ್ದರೆ ಎರಡೂ ಸರಿಯೇ. ಪರೀಕ್ಷಿಸಬೇಕಾದುವು ನಾಲ್ಕು.

ಮೊದಲನೆಯದು, ಸಮತೆ. ಯಂತ್ರವನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿ ಆಲಿಸಬೇಕು. ಬಲದಿಂದ ಎಡಕ್ಕೂ ಎಡದಿಂದ ಬಲಕ್ಕೂ ಕಾಲ ಒಂದೇ ಆಗಿರಬೇಕು. ‘ಟಿಕ್‌ಟಿಕ್ – ಟಿಕ್‌ಟಿಕ್’ ಎಂದು ಕುಂಟುತ್ತಿದ್ದರೆ ತಪ್ಪು ಮೇಜಿನದೋ ಯಂತ್ರದ್ದೋ ಎಂದು ಕಂಡುಹಿಡಿಯಬೇಕು. ಯಂತ್ರವನ್ನು ಅರ್ಧ ಸುತ್ತು ತಿರುಗಿಸಿ ಅದೇ ಜಾಗದಲ್ಲಿಡಿ. ಮೊದಲು ಯಂತ್ರದ ಬಲಗಡೆ ದೀರ್ಘವಾಗಿದ್ದ ಕಾಲ ಈಗ ಅದರ ಎಡಗಡೆಗೆ ಬಂದರೆ ಓರೆಯಿರುವುದು ಮೇಜಿನಲ್ಲಿ. ಬಲಗಡೆಯಲ್ಲಿಯೇ ಉಳಿದರೆ ದೋಷ ಯಂತ್ರದೊಳಗೇ ಇದೆ. ಅದನ್ನು ಕೊಳ್ಳದಿರುವುದೇ ಲೇಸು.

ಎರಡನೆಯದು, ಸತ್ಯ. ಜಾರುಗುಂಡನ್ನು ೬೦ಕ್ಕೆ ಹೊಂದಿಸಿ, ಸೆಕೆಂಡಿನ ಮುಳ್ಳನ್ನು ನೋಡುತ್ತ ಒಂದು ನಿಮಿಷದ ಪೆಟ್ಟುಗಳನ್ನು ಎಣಿಸಬೇಕು. ಮೊದಲ ಪೆಟ್ಟನ್ನು ‘ಒಂದು’ ಎನ್ನದೆ ‘ಸೊನ್ನೆ’ ಎಂದು ಎಣಿಸಬೇಕು. ಇಲ್ಲವಾದರೆ ಒಂದು ಪೆಟ್ಟು ಹೆಚ್ಚಾಗಿ ಕಾಣುತ್ತದೆ. ೪೦, ೧೨೦, ೨೦೦ – ಈ ವೇಗಗಳಲ್ಲಿಯೂ ಹೀಗೆಯೇ ಪರೀಕ್ಷಿಸಬೇಕು. ಕೆಲವು ಯಂತ್ರಗಳು ನಡುವಿನ ವೇಗಗಳಲ್ಲಿ ಸತ್ಯವಂತವಾಗಿದ್ದು ತುದಿಗಳಲ್ಲಿ ತಪ್ಪುತ್ತವೆ.

ಮೂರನೆಯದು, ಬಿಗಿ. ಜಾರುಗುಂಡು ಬೆರಳಿನಿಂದ ಸರಿಸಿದರೆ ಮಾತ್ರ ಸರಿಯಬೇಕು. ತೂಗುವಾಗ ತಾನಾಗಿ ಕೆಳಕ್ಕೆ ಜಾರುವ ಗುಂಡಿದ್ದರೆ ವೇಗ ನಮಗೆ ತಿಳಿಯದಂತೆ ಏರುತ್ತ ಹೋಗುತ್ತದೆ.

ನಾಲ್ಕನೆಯದು, ದನಿ. ನಿಮ್ಮ ವಾದ್ಯದ ಧ್ವನಿಯ ನಡುವೆಯೂ ಪೆಟ್ಟು ಸ್ಪಷ್ಟವಾಗಿ ಕೇಳಿಸಬೇಕು. ವೀಣೆಗೆ ಸಾಕಾಗುವ ಸದ್ದು ಮೃದಂಗಕ್ಕೆ ಸಾಲದು.

ಕೆಲವು ಯಂತ್ರಗಳಲ್ಲಿ ೨, ೩, ೪, ೬ ಪೆಟ್ಟುಗಳಿಗೊಮ್ಮೆ ಬಾರಿಸುವ ಗಂಟೆಯಿರುತ್ತದೆ. ನಮ್ಮ ಸಂಗೀತದವರು ಇದನ್ನು ವಿವೇಚನೆಯಿಂದ ಬಳಸಬೇಕು. ಆದಿತಾಳಕ್ಕೆ ಗಂಟೆಯನ್ನು ೪ಕ್ಕೆ ಹೊಂದಿಸಿದರೆ ಆವರ್ತದ ಎಂಟು ಅಕ್ಷರಗಳಲ್ಲಿ ಮೊದಲನೆಯದರ ಮೇಲೂ ಐದನೆಯದರ ಮೇಲೂ, ಅಂದರೆ ಲಘುವಿನ ಮತ್ತು ಮೊದಲ ದ್ರುತದ ಘಾತಗಳ ಮೇಲೆ, ಗಂಟೆ ಬೀಳುತ್ತದೆ. ಮೂರು ಎಣಿಕೆಯ ರೂಪಕಕ್ಕೆ ೩ ಸರಿಹೊಂದುತ್ತದೆ. ಐದರ ಖಂಡಛಾಪು, ಏಳರ ಮಿಶ್ರಛಾಪುಗಳಿಗೆ ಈ ಗಂಟೆಯಿಂದ ಪ್ರಯೋಜನವಿಲ್ಲ. ಅದನ್ನು ಸೊನ್ನೆಗೆ ತಳ್ಳಿ ಬರಿಯ ಪೆಟ್ಟನ್ನು ಮಾತ್ರ ಕೇಳುವುದು ಮೇಲು. ಗಂಟೆಯ ಆಸೆಗಾಗಿ ಹೆಚ್ಚಿನ ಹಣ ತೆರುವ ಅಗತ್ಯವಿಲ್ಲ.

ಬಳಸುವಾಗ

ಯಂತ್ರವನ್ನು ಗಟ್ಟಿಯಾದ, ಅಲುಗದ ಮೇಜಿನ ಮೇಲಿಡಬೇಕು. ಆಧಾರವು ಅಲುಗಿದರೆ ಲೋಲಕದ ನಡೆಯೂ ಕೆಡುತ್ತದೆ. ಇದಕ್ಕೆ ಸೊಗಸಾದ ನಿದರ್ಶನವಿದೆ. ಲೋಲಕದ ಗಡಿಯಾರವನ್ನು ನಿರ್ಮಿಸಿದ ಹೈಗೆನ್ಸನು ೧೬೬೫ರಲ್ಲಿ, ಒಂದೇ ಆಧಾರಕ್ಕೆ ತೂಗುಹಾಕಿದ ಎರಡು ಗಡಿಯಾರಗಳ ಲೋಲಕಗಳು ಕೆಲವು ಹೊತ್ತಿನಲ್ಲಿ ಪರಸ್ಪರ ಹೊಂದಿಕೊಂಡು ತೂಗುವುದನ್ನು ಕಂಡು ಬೆರಗಾದನು. ಹಗುರವಾದ ಹಲಗೆಯನ್ನು ಎರಡು ಖಾಲಿ ಡಬ್ಬಿಗಳ ಮೇಲೆ ಉರುಳುವಂತೆ ಇಟ್ಟು, ಅದರ ಮೇಲೆ ಒಂದೇ ವೇಗದ ಎರಡು ಮೆಟ್ರೊನೋಮುಗಳನ್ನು ಬೇರೆಬೇರೆ ಕ್ಷಣಗಳಲ್ಲಿ ಚಾಲೂ ಮಾಡಿದರೆ, ಹಲಗೆಯ ಅಲುಗಾಟದ ಮೂಲಕ ಒಂದು ಇನ್ನೊಂದನ್ನು ತಿದ್ದಿ, ಸ್ವಲ್ಪ ಹೊತ್ತಿನಲ್ಲಿಯೇ ಎರಡೂ ಒಟ್ಟಿಗೆ ಪೆಟ್ಟು ಹಾಕತೊಡಗುತ್ತವೆ. ನೋಡಲು ಇದು ಮೋಜು. ಅಭ್ಯಾಸಕ್ಕೆ ಮಾತ್ರ ಅಲುಗಾಡುವ ಆಧಾರ ಬೇಡ.

ಅಂಕಕ್ಕೆ ಹೊಂದಿಸಬೇಕಾದುದು ಜಾರುಗುಂಡಿನ ಮೇಲಂಚನ್ನು, ಕೆಳಂಚನ್ನಲ್ಲ. ಪಟ್ಟಿಯಲ್ಲಿ ಕೆಳಕ್ಕಿಳಿದಂತೆ ಅಂಕಗಳು ಹೆಚ್ಚುವುದರಿಂದ ಕೆಳಂಚನ್ನು ಓದಿದವನು ನಿಜವಾದುದಕ್ಕಿಂತ ಹೆಚ್ಚಿನ ಅಂಕವನ್ನು ಓದುತ್ತಾನೆ. ಇದು ಸಣ್ಣ ಮಾತಲ್ಲ. ಬೀಥೋವೆನ್ ಕೊಟ್ಟ ಅಂಕಗಳಲ್ಲಿ ಹಲವು ವಾದಕರಿಗೆ ಅತಿವೇಗವೆಂದು ತೋರಿ, ಅವುಗಳ ವಿಷಯದಲ್ಲಿ ಬಹುಕಾಲದಿಂದ ಚರ್ಚೆ ನಡೆದಿದೆ. ೨೦೨೦ರಲ್ಲಿ ಸ್ಪೇನಿನ ಇಬ್ಬರು ಸಂಶೋಧಕರು ಹಲವಾರು ವಾದ್ಯಗೋಷ್ಠಿಗಳ ಧ್ವನಿಮುದ್ರಣಗಳ ವೇಗವನ್ನು ಅಳೆದು, ಬೀಥೋವೆನ್ ಜಾರುಗುಂಡಿನ ಕೆಳಂಚನ್ನು ಓದಿದ್ದಿರಬಹುದೆಂದು ಊಹಿಸಿದರು. ಒಂಬತ್ತನೆಯ ಸಿಂಫೊನಿಯ ಹಸ್ತಪ್ರತಿಯಲ್ಲಿ ಒಂದೇ ಕಡೆ ೧೦೮ ಅಥವಾ ೧೨೦ ಎಂದು ಎರಡು ಅಂಕಗಳನ್ನು ಅವನು ಬರೆದಿರುವುದು ಈ ಊಹೆಗೆ ಪುಷ್ಟಿ ಕೊಡುತ್ತದೆಂಬುದು ಅವರ ವಾದ. ಊಹೆ ನಿಜವಿರಲಿ, ಇಲ್ಲದಿರಲಿ. ಸತ್ಯವಾದ ಯಂತ್ರವೂ ಓದುವವನ ತಪ್ಪಿನಿಂದ ಸುಳ್ಳು ಹೇಳಬಲ್ಲದೆಂಬುದು ನಮಗೆ ಪಾಠ.

ಇನ್ನು ಅಭ್ಯಾಸದ ಕ್ರಮ. ಪಾಠವನ್ನು ತಪ್ಪಿಲ್ಲದೆ ನುಡಿಸಲು ಸಾಧ್ಯವಾಗುವ ವೇಗ ಯಾವುದೋ ಅಲ್ಲಿಂದ ಪ್ರಾರಂಭಿಸಬೇಕು, ನಾಚಿಕೆಪಡಬೇಕಾಗಿಲ್ಲ. ಮೂರು ಸಲ ತಪ್ಪಿಲ್ಲದೆ ಬಂದರೆ ಒಂದು ಮೆಟ್ಟಿಲು ಏರಬೇಕು. ತಪ್ಪಿದರೆ ಎರಡು ಮೆಟ್ಟಿಲು ಇಳಿಯಬೇಕು. ಶೇಕಡ ನಾಲ್ಕೈದರಷ್ಟು ಏರಿಕೆ ಬೆರಳಿಗೆ ಹೊರೆಯೆನಿಸುವುದಿಲ್ಲ. ಹೀಗೆ ಹದಿನಾರು ಮೆಟ್ಟಿಲು ಏರಿದರೆ ವೇಗ ಇಮ್ಮಡಿಯಾಗಿರುತ್ತದೆ.

ಸರಳೆ ವರಸೆಗಳನ್ನು ಮೂರು ಕಾಲಗಳಲ್ಲಿ ಸಾಧಿಸುವವರಿಗೆ ಈ ಯಂತ್ರ ಇನ್ನೊಂದು ಬಗೆಯಲ್ಲಿ ನೆರವಾಗುತ್ತದೆ. ಅಕ್ಷರಕ್ಕೆ ಒಂದರಂತೆ ೬೦ಕ್ಕೆ ಹೊಂದಿಸಿ. ಮೊದಲನೆಯ ಕಾಲದಲ್ಲಿ ಪೆಟ್ಟಿಗೆ ಒಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಸ್ವರಗಳ ಸಂಖ್ಯೆ ಇಮ್ಮಡಿಯಾಗಬೇಕೇ ಹೊರತು ಪೆಟ್ಟು ಕದಲಬಾರದು. ಕೈತಾಳವನ್ನೇ ನಂಬಿದವರ ತಾಳವು ಕಾಲ ಬದಲಾಗುವ ಸ್ಥಳದಲ್ಲಿಯೇ ಅವರಿಗೆ ತಿಳಿಯದಂತೆ ಸರಿಯುವುದು. ಕಡ್ಡಿಯ ಮುಂದೆ ಅದು ಮರೆಯಾಗಿರಲಾರದು.

ಪೆಟ್ಟಿನೊಡನೆ ಸರಿಯಾಗಿ ಸೇರಿದ್ದೇವೆಯೆ ಎಂದು ತಿಳಿಯುವ ಬಗೆ ಹೇಗೆ? ನಮ್ಮ ಸ್ವರವೂ ಯಂತ್ರದ ಸದ್ದೂ ಏಕಕಾಲದಲ್ಲಿ ಬಂದರೆ ಯಂತ್ರದ ಸದ್ದು ಸ್ವರದಲ್ಲಿ ಮುಳುಗಿ ಕೇಳಿಸದಂತಾಗುತ್ತದೆ. ಪೆಟ್ಟು ಬೇರೆಯಾಗಿ ಕೇಳಿಸತೊಡಗಿದರೆ ನಾವು ಹಿಂದೋ ಮುಂದೋ ಇದ್ದೇವೆ ಎಂದರ್ಥ. ಸಾಮಾನ್ಯವಾಗಿ ಜನರು ಪೆಟ್ಟಿಗಿಂತ ಕೊಂಚ ಮೊದಲೇ ತಟ್ಟುವರೆಂದು ಮನೋವಿಜ್ಞಾನಿಗಳು ಪ್ರಯೋಗಗಳ ಮೂಲಕ ಕಂಡುಕೊಂಡಿದ್ದಾರೆ. ಆದುದರಿಂದ ಮೊದಲು ಅನುಮಾನಿಸಬೇಕಾದುದು ಆತುರವನ್ನು.

ಯಂತ್ರದ ಪೋಷಣೆ ಕಷ್ಟವಲ್ಲ. ಕೆಲಸ ಮುಗಿದೊಡನೆ ಕಡ್ಡಿಯನ್ನು ಅದರ ಕೊಂಡಿಗೆ ಸಿಕ್ಕಿಸಿ ಮುಚ್ಚಳ ಹಾಕಬೇಕು. ಸ್ಪ್ರಿಂಗು ಬಿಗಿಯಾದ ಮೇಲೆ ಕೀಲಿಯನ್ನು ಬಲವಂತವಾಗಿ ತಿರುಗಿಸಬಾರದು, ಕಡ್ಡಿಯನ್ನು ಬಗ್ಗಿಸಬಾರದು. ಅಡುಗೆಯ ಎಣ್ಣೆಯನ್ನಾಗಲಿ ಹೊಲಿಗೆಯಂತ್ರದ ಎಣ್ಣೆಯನ್ನಾಗಲಿ ಒಳಕ್ಕೆ ಸುರಿಯದೆ ಗಡಿಯಾರ ರಿಪೇರಿ ಬಲ್ಲವರಿಗೆ ತೋರಿಸಬೇಕು.

ಸಾಕ್ಷಿಯ ಮಿತಿ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಆಲಾಪನೆಯನ್ನು ಈ ಯಂತ್ರದಿಂದ ಅಳೆಯಲಾಗದು. ಪಾಶ್ಚಾತ್ಯ ಸಂಗೀತದಲ್ಲಿಯೂ ಭಾವಕ್ಕೆ ತಕ್ಕಂತೆ ವೇಗವು ಹಿಗ್ಗುವ, ಕುಗ್ಗುವ ಸ್ಥಳಗಳಿವೆ. ಅಂಕಗಳನ್ನು ಅಷ್ಟಾಗಿ ನೆಚ್ಚದ ಬ್ರಾಹ್ಮ್ಸ್‌ನಂಥ ದೊಡ್ಡ ಕೃತಿಕಾರರೂ ಇದ್ದರು. ಇಡೀ ಕೃತಿಯನ್ನು ದಿನವೂ ಯಂತ್ರದ ಜೊತೆಯಲ್ಲಿಯೇ ನುಡಿಸುವವನು ಕ್ರಮೇಣ ತನ್ನ ಲಯವನ್ನು ಪೆಟ್ಟಿಗೆಗೆ ಒಪ್ಪಿಸಿಬಿಡುವ ಅಪಾಯವೂ ಉಂಟು.

ಇದನ್ನು ತಪ್ಪಿಸುವ ದಾರಿ ಯಂತ್ರದಿಂದ ಸ್ವಲ್ಪ ಸ್ವಲ್ಪವಾಗಿ ದೂರ ಸರಿಯುವುದು. ೮೦ರ ವೇಗದ ಪಾಠಕ್ಕೆ ಯಂತ್ರವನ್ನು ೪೦ಕ್ಕೆ ಹೊಂದಿಸಿದರೆ ಎರಡು ಅಕ್ಷರಕ್ಕೊಮ್ಮೆ ಮಾತ್ರ ಪೆಟ್ಟು ಬೀಳುತ್ತದೆ. ನಡುವಿನ ಅಕ್ಷರವನ್ನು ನಾವೇ ನಿಲ್ಲಿಸಿಕೊಳ್ಳಬೇಕು. ಇದು ಸಾಧಿಸಿದ ಮೇಲೆ ಯಂತ್ರವನ್ನು ನಿಲ್ಲಿಸಿ, ಗಡಿಯಾರವನ್ನು ಮುಂದಿಟ್ಟುಕೊಂಡು, ೮೦ರ ವೇಗದಲ್ಲಿ ೪೦ ಆವರ್ತ ಆದಿತಾಳವನ್ನು ನುಡಿಸಿ ನೋಡಿ. ೪೦ ಆವರ್ತಕ್ಕೆ ೩೨೦ ಅಕ್ಷರಗಳು. ಸರಿಯಾಗಿ ನಾಲ್ಕು ನಿಮಿಷಗಳಾಗಬೇಕು. ಎರಡೂವರೆ ಸೆಕೆಂಡು ವ್ಯತ್ಯಾಸವಾದರೆ ದೋಷ ಸುಮಾರು ಶೇಕಡ ಒಂದು; ಹನ್ನೆರಡು ಸೆಕೆಂಡಾದರೆ ಶೇಕಡ ಐದು, ಅಂದರೆ ಏಣಿಯ ಒಂದು ಇಡೀ ಮೆಟ್ಟಿಲು. ವಾರಕ್ಕೊಮ್ಮೆ ಈ ಪರೀಕ್ಷೆಯನ್ನು ಮಾಡಿ ಫಲಿತಾಂಶವನ್ನು ಪುಸ್ತಕದಲ್ಲಿ ಬರೆದಿಡುತ್ತ ಬಂದರೆ, ಲಯವು ತನ್ನೊಳಗೆ ಎಷ್ಟರಮಟ್ಟಿಗೆ ನೆಲೆಸಿದೆ ಎಂಬುದನ್ನು ವಿದ್ಯಾರ್ಥಿಯು ಅಂಕಿಗಳಲ್ಲಿಯೇ ಕಾಣಬಹುದು. ಆ ಅಂಕಿಗಳು ತಿಂಗಳಿಂದ ತಿಂಗಳಿಗೆ ಕುಗ್ಗುತ್ತ ಬಂದರೆ ಯಂತ್ರವನ್ನು ಕೊಂಡುದು ಸಾರ್ಥಕವಾಯಿತೆಂದು ತಿಳಿಯಬಹುದು.